ಕಾಳಾಚಾರಿ ವಾಚಿನ ಚೈನು

ಸರಿಯಾಗಿ ಕಾಲು ಚಾಚ್ಕೊಂಡು ಮಲ್ಕೋ ಪುಟ್ಟಿ. ನನ್ನ ಸೆರಗು ಬಿಡು ಮೊದ್ಲು, ಜಗ್ಗಬೇಡ. ನಡುನಡುವೆ ಹೂಂ ಅಂತಿರ್ಬೇಕು ಮತ್ತೆ. ನೀನು ಸುಮ್ನಾದ್ರೆ ನಾನೂ ಸುಮ್ನಾಗ್ತೀನಿ, ಗೋಡೆಗೆ ಕತೆ ಹೇಳೋಕೆ ನಂಗೇನು ತಲೆ ಕೆಟ್ಟಿಲ್ಲ.

ಒಂದಾನೊಂದು ಕಾಲದಲ್ಲಿ, ಅಂದ್ರೆ ರಾಜರು ಕುದುರೆ ಮೇಲೆ ಓಡಾಡ್ತಿದ್ದ ಕಾಲ ಅಲ್ಲ, ಜನರ ಕೈಗೆ ವಾಚು ಬಂದಿದ್ದ ಕಾಲ, ಒಂದು ಪೇಟೆ ಬೀದಿಲಿ ಕಾಳಾಚಾರಿ ಅಂತ ಒಬ್ಬ ಅಕ್ಕಸಾಲಿ ಇದ್ನಂತೆ. ಆ ಊರಲ್ಲಿ ಯಾರ ಮನೆ ಮದುವೆ ಆಗ್ಲಿ, ತಾಳಿ ಮಾಡೋನು ಅವನೇ. ಮೊರದಲ್ಲಿ ಅಕ್ಕಿ, ಬೆಲ್ಲ, ಕಾಯಿ, ಎಲೆಅಡಿಕೆ ಇಟ್ಕೊಂಡು ಚಿನ್ನ ತಂದು ಅವನ ಮುಂದೆ ಇಟ್ರೆ, ಅವನು ದೀಪ ಹಚ್ಚಿ, ತಾಯಿ ಕಾಳಿಕಾಂಬೆ, ಇವರ ಚಿನ್ನದಲ್ಲಿ ಸಾಸಿವೆ ಕಾಳಿನಷ್ಟೂ ನಂಗೆ ಬೇಡ ಅಂತ ಎಲ್ರಿಗೂ ಕೇಳೋ ಹಾಗೆ ಹೇಳಿ, ಆಮೇಲೆನೇ ಕೆಲ್ಸಕ್ಕೆ ಕೂರ್ತಿದ್ನಂತೆ. ಅರ ಹಾಕಿ ಚಿನ್ನ ಉಜ್ಜುವಾಗ ಉದುರಿದ ಪುಡಿ ಇರುತ್ತಲ್ಲ, ಅದನ್ನೂ ಗುಡಿಸಿ, ಪಂಚೆ ಕೊಡವಿ, ಉಗುರಿನ ಸಂದಿ ಕೆದಕಿ, ಪೊಟ್ಟಣ ಕಟ್ಟಿ ತಾಳಿ ಜೊತೆಗೇ ಕೊಟ್ಬಿಡ್ತಿದ್ನಂತೆ. ಅಂಥಾ ಮನುಷ್ಯ.

ಆದ್ರೆ ಊರಿಗೆಲ್ಲ ತಾಳಿ ಮಾಡ್ಕೊಟ್ಟೋನಿಗೆ ಮದುವೆ ಆಗ್ಲಿಲ್ಲ ನೋಡು. ಅವನ ಅವ್ವ ಹನ್ನೆರಡು ವರ್ಷ ಹಾಸಿಗೆ ಹಿಡಿದಿದ್ಲಂತೆ, ಅವಳನ್ನ ಎತ್ತಿ ಇಳಿಸಿ, ಗಂಜಿ ಕುಡಿಸಿ ಮಾಡೋದ್ರಲ್ಲೇ ಇವನ ವಯಸ್ಸು ಕಳೆದು ಹೋಯ್ತಂತೆ. ಅವ್ವ ಕಣ್ಮುಚ್ಚಿದ ಮೇಲೆ ಹೆಣ್ಣು ಕೊಡ್ತೀನಿ ಅಂತ ಯಾರೂ ಬರ್ಲಿಲ್ಲ, ಇವನೂ ಬಾಯಿ ಬಿಟ್ಟು ಕೇಳೋ ಪೈಕಿ ಅಲ್ಲ. ಜನ ಚಿನ್ನ ತಗೊಂಡು ಬರೋರು, ತಾಳಿ ತಗೊಂಡು ಹೋಗೋರು, ಕೂತ್ಕೊಳ್ಳಿ ಅನ್ನೋಷ್ಟರಲ್ಲಿ ಎದ್ದು ಹೋಗೋರು. ಮದುವೆ ಮನೇಲೂ ಇವನಿಗೆ ಕೊನೇ ಪಂಕ್ತಿಲಿ ಒಂದು ಮೂಲೆ. ಉಂಡು ಕೈ ತೊಳ್ಕೊಂಡು ಒಬ್ಬನೇ ನಡ್ಕೊಂಡು ಬರ್ತಿದ್ನಂತೆ.

ಅವ್ವ ಇದ್ದಾಗ ಒಳಗಿಂದ್ಲೇ, ಕಾಳಾ, ಉಂಡ್ಯಾ ಅಂತ ಕೂಗೋಳು. ಅವಳು ಹೋದ್ಮೇಲೆ ಕೂಗೋರಿಲ್ದೆ ಇವನಿಗೆ ಹಸಿವಾಗಿದ್ದೇ ತಿಳೀತಿರ್ಲಿಲ್ವಂತೆ. ಅದಕ್ಕೆ ಒಂದು ವಾಚು ತಗೊಂಡ. ಉಕ್ಕಿನ ಚೈನಿನ ವಾಚು. ಚರ್ಮದ ಬೆಲ್ಟಿಂದು ಯಾಕೆ ಬೇಡ ಅಂದ ಗೊತ್ತಾ, ಬೆಲ್ಟು ಒಂದೇ ಕೈಲಿ ಕಟ್ಕೊಳೋಕೆ ಒದ್ದಾಡ್ಬೇಕು, ಪಕ್ಕದಲ್ಲಿ ಯಾರಾದ್ರೂ ಕಟ್ಟಿಕೊಟ್ರೆ ಚೆಂದ. ಚೈನಾದ್ರೆ ಕೊಕ್ಕೆ ಟಕ್ ಅಂತ ಒತ್ತಿದ್ರೆ ಮುಗೀತು. ಒಬ್ಬನೇ ಇರೋನಿಗೆ ಅದೇ ಸರಿ. ಕೆಲ್ಸ ಮಾಡ್ತಾ ಮಾಡ್ತಾ ವಾಚು ನೋಡಿ, ರಾಹುಕಾಲ ಕಳೀತು ಕೂತ್ಕೋ ಕಾಳಾ, ಗಂಟೆ ಒಂದಾಯ್ತು ಉಣ್ಣೇಳು ಕಾಳಾ ಅಂತ ತನಗೆ ತಾನೇ ಹೇಳ್ಕೊಳ್ತಿದ್ನಂತೆ, ಅದೂ ಅವ್ವನ ದನಿಲಿ. ನಗಬೇಡ ಕಣೇ. ನಗೋ ಮಾತಲ್ಲ ಅದು.

ಆಮೇಲೆ ಹತ್ತು ವರ್ಷಕ್ಕೆ ಚೈನು ಸಡಿಲ ಆಯ್ತಂತೆ, ವಾಚು ಮಣಿಕಟ್ಟಿಂದ ಜಾರಿ ಅಂಗೈಗೆ ಬರೋದು. ಬಸ್ ಸ್ಟ್ಯಾಂಡ್ ಪಕ್ಕ ಗಾಜಿನ ಪೆಟ್ಟಿಗೆ ಇಟ್ಕೊಂಡು ವಾಚ್ ರಿಪೇರಿ ಮಾಡೋ ಖಾದರ್ ಸಾಬ್ರ ಹತ್ರ ತಗೊಂಡು ಹೋದ. ಸಾಬ್ರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ನೋಡಿ, ಆಚಾರ್ರೇ, ಇದನ್ನ ಯಾತರಲ್ಲಿ ಉಜ್ತೀರಿ ಅಂದ್ರಂತೆ. ಬೂದಿಲಿ ಅಂದ. ಇದೇನು ಅನ್ನದ ಪಾತ್ರೆನಾ ಅಂತ ಬೈದು, ಒಂದು ಕೊಂಡಿ ತೆಗೆದು ಬಿಗಿ ಮಾಡಿ ಕೊಟ್ರು. ಇನ್ನೊಂದು ಹತ್ತು ವರ್ಷಕ್ಕೆ ಮತ್ತೆ ಸಡಿಲ. ಬೂದಿ ಬಿಟ್ಟು ಹುಣಿಸೆಹಣ್ಣು ಹಿಡಿದಿದ್ನಂತೆ ಪುಣ್ಯಾತ್ಮ. ಸಾಬ್ರು ಇನ್ನೊಂದು ಕೊಂಡಿ ತೆಗೆದು, ಮೇಲೆ ಫಳಫಳ ಅಂತಿದೆ ಆಚಾರ್ರೇ, ಒಳಗೇನೋ ಇದನ್ನ ತಿಂತಾ ಇದೆ, ಬಿಚ್ಚಿ ತೊಳೀಬೇಕು ಅಂದ್ರು. ಮದುವೆ ಕಾಲ, ಕೈ ತುಂಬ ಕೆಲ್ಸ, ಆಮೇಲೆ ನೋಡೋಣ ಅಂತ ಬಂದ್ಬಿಟ್ಟ. ಮೂರನೇ ಸಲ ಏನಾಯ್ತು, ಯಾರದೋ ತಾಳಿಗೆ ಅರ ಹಾಕ್ತಾ ಕೂತಿದ್ದಾಗ ಚೈನು ಕಿತ್ತು ವಾಚು ನೆಲಕ್ಕೆ ಬಿತ್ತಂತೆ.

ಹೂಂ ಅನ್ನು. ಹಾಂ.

ಸಾಬ್ರು ಈ ಸಲ ಬಿಡ್ಲಿಲ್ಲ. ಕೊಂಡಿ ಕೊಂಡಿ ಸೇರ್ಸೋ ಸಣ್ಣ ಕಡ್ಡಿಗಳನ್ನ ಒಂದೊಂದಾಗಿ ತಳ್ಳಿ ತೆಗೆದ್ರಂತೆ. ಕಡ್ಡಿಗಳು ನಡುವೆ ಸವೆದು ಸವೆದು ಕೂದಲೆಳೆ ಆಗಿದ್ವು. ಸಂದಿ ತುಂಬ ಕರೀ ಅಂಟು. ಗುಮಾಸ್ತರ ಚೈನಲ್ಲಿ ಮಸಿ ಇರ್ತದೆ, ಗಿರಣಿಯೋರ ಚೈನಲ್ಲಿ ಹಿಟ್ಟಿರ್ತದೆ, ನಿಮ್ಮದರಲ್ಲಿ ಏನೈತೋ ನೋಡುಮಾ ಅಂತ, ಬೆಚ್ಚಗಿನ ನೀರಲ್ಲಿ ಅಂಟುವಾಳದ ಕಾಯಿ ಕಿವುಚಿ, ನೊರೆ ಬರ್ಸಿ, ಅದರಲ್ಲಿ ಕೊಂಡಿಗಳನ್ನ ನೆನೆಹಾಕಿ, ಮೆತ್ತನೆ ಬ್ರಷ್ಷಲ್ಲಿ ಮೆಲ್ಲಗೆ ಉಜ್ಜಿದ್ರು. ಮೇಲಿನ ನೀರು ಚೆಲ್ಲಿದ್ರೆ ಬಟ್ಟಲ ತಳದಲ್ಲಿ ಹಳದಿ ಗಸಿ. ಚಿನ್ನ ಕಣೇ.

ಸಾಬ್ರು ನಕ್ಬಿಟ್ರಂತೆ, ನಿಮ್ಮ ಕೈ ಬಂಗಾರ ಆಚಾರ್ರೇ ಅಂತ. ಕಾಳಾಚಾರಿ ನಗ್ಲಿಲ್ಲ, ತನ್ನ ಎಡಗೈ ತಿರುಗಿಸಿ ತಿರುಗಿಸಿ ನೋಡ್ಕೊಂಡ. ಎಡಗೈಲಿ ತಾಳಿ ಹಿಡಿಯೋದು, ಬಲಗೈಲಿ ಅರ ಹಾಕೋದು, ಉದುರಿದ ಪುಡಿ ಎಡಗೈ ಬೆವರಿಗೆ ಅಂಟಿ ಚೈನಿನ ಸಂದಿಗೆ ಇಳಿಯೋದು. ಅದೇ ಪುಡಿ ಬೂದಿ ಜೊತೆ ಸೇರಿ ಒಳಗೊಳಗೇ ಉಜ್ಜಿ ಉಜ್ಜಿ ಕಡ್ಡಿನೂ ಸವೆಸಿತ್ತು. ಪಂಚೆ ಕೊಡವಿದೋನು, ಉಗುರು ಕೆದಕಿದೋನು, ಮೂವತ್ತು ವರ್ಷದಲ್ಲಿ ಒಂದು ದಿನಾನೂ ವಾಚು ಬಿಚ್ಚಿ ಕೊಡವಿರ್ಲಿಲ್ಲ. ಸಾಸಿವೆ ಕಾಳಷ್ಟೂ ಬೇಡ ಅಂತ ಬಾಯಲ್ಲಿ ಹೇಳ್ತಿದ್ದೆ, ನನ್ನ ಕೈ ಕದೀತಾನೇ ಇತ್ತಲ್ಲ ಸಾಬ್ರೇ ಅಂದ್ನಂತೆ.

ಅವನಿಗೆ ಅಂತ ಇದ್ದಿದ್ದು ಏನು ಹೇಳು. ಹೆಂಡ್ತಿನಾ, ಮಕ್ಕಳಾ. ಒಂದು ಒಳ್ಳೇ ಹೆಸರು, ಅಷ್ಟೇ. ಯಾರಿಗೂ ಹೇಳ್ಬೇಡಿ ಸಾಬ್ರೇ ಅಂದಿದ್ರೆ ಅವರೂ ಹೇಳ್ತಿರ್ಲಿಲ್ಲ, ಅಲ್ಲಿಗೆ ಮುಗೀತಿತ್ತು. ಆದ್ರೆ ಅವನಿಗೆ ಅನ್ನ ಸೇರ್ಬೇಕಲ್ಲ. ಆ ಗಸಿನ ಕರಗಿಸಿ ಒಂದು ಗುಂಡು ಮಾಡ್ದ, ಮೆಣಸಿನ ಕಾಳಿಗಿಂತ ಚಿಕ್ಕದು. ಸಾಬ್ರು ಹೊಸ ಕಡ್ಡಿ ಹಾಕಿ ಕೊಟ್ಟ ಚೈನು ಕೈಗೆ ಹಾಕ್ಕೊಂಡು, ಗುಂಡನ್ನ ಪೊಟ್ಟಣ ಕಟ್ಕೊಂಡು, ಊರಿಗೆ ವಾಪಸ್ ಕೊಡೋಕೆ ಹೊರಟ್ನಂತೆ.

ಮೊದಲು ಜವಳಿ ರುದ್ರಪ್ಪನ ಮನೆ. ರುದ್ರಪ್ಪ ಬಾಗಿಲಲ್ಲೇ ನಿಂತು ಎಲ್ಲಾ ಕೇಳಿ, ಇಷ್ಟಕ್ಕೆ ಇಲ್ಲಿ ತನಕ ಬಂದ್ಯೇನಯ್ಯಾ, ಹೋಗು ಹೋಗು, ಅಂಗಡಿ ತೆಗೀಬೇಕು ನಂಗೆ ಅಂತ ಬಾಗಿಲು ಹಾಕ್ಕೊಂಡ. ಒಳಗೆ ಬಾ ಅನ್ಲಿಲ್ಲ.

ಆಮೇಲೆ ಪಕ್ಕದ ಗಿರಣಿ ತಾಯಮ್ಮನ ಮನೆ. ಅವಳು ಸೊಂಟದ ಮೇಲೆ ಕೈ ಇಟ್ಕೊಂಡು, ಓಹೋ, ಕೈ ಚೈನಿಗೇ ಇಷ್ಟು ಹೋದ್ರೆ ಪೆಟ್ಟಿಗೆಗೆ ಎಷ್ಟು ಹೋಗಿರ್ಬೇಡ ಆಚಾರಿ, ನಮ್ಮ ಹುಡುಗಿ ತಾಳಿ ಬೇರೆ ಊರಲ್ಲಿ ಮಾಡಿಸ್ತೀವಿ ಬಿಡು ಅಂದ್ಲಂತೆ. ಅವಳ ಬಾಯಿ ಅಂದ್ರೆ ಡಂಗುರ. ಸಂಜೆ ಹೊತ್ತಿಗೆ ಊರೆಲ್ಲ ಅದೇ ಮಾತು.

ಆಮೇಲೆ ಚಿನ್ನ ತರೋರು ನಿಂತು ಹೋದ್ರು. ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು. ಮುಂಚೆ ಬಂದು ಎದ್ದು ಹೋಗೋರಾದ್ರೂ ಇದ್ರು, ಈಗ ಅದೂ ಇಲ್ಲ. ವಾಚು ಸರಿಯಾಗಿ ಓಡ್ತಿತ್ತು, ಚೈನು ಕೈಗೆ ಬಿಗಿಯಾಗಿ ಕೂತಿತ್ತು, ಆದ್ರೆ ಗಂಟೆ ನೋಡಿ ಏನ್ಮಾಡ್ಬೇಕು. ಉಣ್ಣೇಳು ಕಾಳಾ ಅಂತ ಹೇಳ್ಕೊಳೋದನ್ನೂ ಬಿಟ್ಟ. ಪಾಪ, ಎಷ್ಟು ದಿನ ಹಂಗೇ ಮಲಗಿದ್ನೋ ಏನೋ. ನಂಗೆ ಈ ಜಾಗ ಹೇಳುವಾಗ ಪ್ರತಿ ಸಲಾನೂ ಸಂಕಟ ಆಗುತ್ತೆ.

ಒಂದಿನ ಮನಸ್ಸು ಗಟ್ಟಿ ಮಾಡ್ಕೊಂಡು ಎದ್ದು ಮೂರನೇ ಮನೆಗೆ ಹೋದ್ನಂತೆ. ಅದು ಹೂವು ಮಾರೋ ಕೆಂಚಮ್ಮನ ಮನೆ. ಗಂಡ ಇಲ್ದೋಳು, ಒಬ್ಳೇ ಮಗಳು. ಕೆಂಚಮ್ಮ ಜಗಲಿ ಮೇಲೆ ಕನಕಾಂಬರ ಕಟ್ತಾ ಕೂತಿದ್ಲು. ಇವನ್ನ ನೋಡಿ, ಬಾ ಅಣ್ಣಾ, ಕೂತ್ಕೋ ಅಂದ್ಲಂತೆ. ಬಾ, ಕೂತ್ಕೋ. ಅವನು ಹಂಗೇ ನಿಂತಿದ್ದ, ಬೇರೆ ಯಾರಿಗೋ ಹೇಳ್ತಿದ್ದಾಳೆ ಅಂದ್ಕೊಂಡು.

ಎಂಟು ದಿನಕ್ಕೆ ಅವಳ ಮಗಳ ಮದುವೆ. ಚಿನ್ನ ತರೋ ಶಕ್ತಿ ಇಲ್ಲ, ಅರಿಶಿನದ ಕೊಂಬು ಕಟ್ಟಿ ಧಾರೆ ಎರೆದು ಕೊಡ್ತೀನಿ ಅಂದ್ಲು. ಕಾಳಾಚಾರಿ ಪೊಟ್ಟಣ ಬಿಚ್ಚಿ, ಇದು ಹಿಂಗಿಂಗೆ ಬಂದಿದ್ದು, ನಿನ್ನ ತಾಳಿ ಪುಡಿನೂ ಇದರಲ್ಲಿದೆ ಕೆಂಚವ್ವಾ, ಪೂರ್ತಿ ನೀನೇ ಇಟ್ಕೋ, ನನ್ನ ಋಣ ಕಳೀಲಿ ಅಂದ. ಕೆಂಚಮ್ಮ ಗುಂಡನ್ನ ಅಂಗೈಲಿ ಇಟ್ಕೊಂಡು ನೋಡಿ, ಅಣ್ಣಾ, ನಂದು ಇದರಲ್ಲಿ ಒಂದು ಧೂಳಿನಷ್ಟು ಇರ್ಬಹುದು, ಮಿಕ್ಕಿದ್ದು ಊರೋರದ್ದು, ನಾನೇ ಇಟ್ಕೊಂಡ್ರೆ ಕಳ್ತನ ನನ್ನ ತಲೆಗೆ ಬರಲ್ವಾ, ಮದುವೆ ದಿನದ ಮಟ್ಟಿಗೆ ಎರವಲು ಕೊಡು, ಊರಿನ ಮುತ್ತೈದೆಯರೆಲ್ಲರ ತಾಳಿ ಪುಡಿ ಇದು, ಇದಕ್ಕಿಂತ ದೊಡ್ಡ ಆಶೀರ್ವಾದ ನನ್ನ ಮಗಳಿಗೆ ಇನ್ನೆಲ್ಲಿ ಸಿಗುತ್ತೆ, ಮಾರನೇ ದಿನ ಹುಡುಗ ಹುಡುಗಿನೇ ತಂದು ಕೊಡ್ತಾರೆ ಅಂದ್ಲಂತೆ.

ಆದ್ರೆ ಕಟ್ಟಿದ ತಾಳಿ ದಾರ ಬಿಚ್ಚೋ ಹಾಗಿಲ್ವಲ್ಲ. ಮನೆಗೆ ಬಂದು ಯೋಚ್ನೆ ಮಾಡ್ದ. ಯೋಚ್ನೆ ಮಾಡ್ತಾ ಮಾಡ್ತಾ ಕೈಲಿದ್ದ ವಾಚಿನ ಕೊಕ್ಕೆ ಟಕ್ ಅಂತ ಬಿಚ್ಚೋದು, ಟಕ್ ಅಂತ ಹಾಕೋದು. ಅಷ್ಟೇ, ಹೊಳೆದ್ಬಿಡ್ತು. ಗುಂಡಿಗೆ ವಾಚಿನ ಚೈನಿಗಿದ್ದಂಥದ್ದೇ ಒಂದು ಸಣ್ಣ ಕೊಕ್ಕೆ ಮಾಡ್ದ, ದಾರ ಬಿಚ್ಚದೇ ಸಿಕ್ಕಿಸ್ಬಹುದು, ದಾರ ಬಿಚ್ಚದೇ ತೆಗೀಬಹುದು.

ಮದುವೆ ಆಯ್ತು. ಮಾರನೇ ದಿನ ಹೊಸ ಗಂಡ ಹೆಂಡ್ತಿ ಅವನ ಬಾಗಿಲಿಗೆ ಬಂದು ನಿಂತ್ರಂತೆ. ಕಾಳಾಚಾರಿ ತಬ್ಬಿಬ್ಬಾದ. ಹೊಸ ಜೋಡಿನ ಉಣ್ಣಿಸ್ದೆ ಕಳಿಸೋಕಾಗುತ್ತಾ. ಆ ಮನೇಲಿ ಇರೋದು ಒಂದೇ ತಟ್ಟೆ, ಒಂದೇ ಲೋಟ. ಯಾರ ಹತ್ರಾನೂ ಏನೂ ಕೇಳದೋನು ಓಡಿದ, ಬಾಳೆ ಗಿಡ ಇದ್ದಿದ್ದು ಗಿರಣಿ ತಾಯಮ್ಮನ ಹಿತ್ಲಲ್ಲಿ, ಅವಳ ಮುಂದೇ ಹೋಗಿ ನಿಂತು, ಮೂರು ಎಲೆ ಬೇಕಿತ್ತು ತಾಯಮ್ನೋರೇ, ಮನೆಗೆ ನೆಂಟ್ರು ಬಂದಿದ್ದಾರೆ ಅಂದ್ನಂತೆ. ಅದನ್ನ ಹೇಳುವಾಗ ಅವನ ಮುಖ ಹೆಂಗಿತ್ತೋ, ಆ ಘಾಟಿ ಹೆಂಗಸು ತಾನೇ ಹೋಗಿ ಮೂರು ಎಲೆ ಕೊಯ್ದು, ಮೇಲೊಂದು ಗಿಂಡಿ ಮಜ್ಜಿಗೆನೂ ಕೊಟ್ಲು.

ಅಡಿಗೆ ಮಾಡ್ದ. ಅನ್ನ ಮುದ್ದೆ ಆಗಿತ್ತು, ಸಾರಿಗೆ ಉಪ್ಪೇ ಹಾಕಿರ್ಲಿಲ್ಲ. ಹುಡುಗ ಉಪ್ಪು ಅಂತ ಬಾಯಿ ತೆಗೆಯೋಷ್ಟರಲ್ಲಿ ಹುಡುಗಿ ಮೊಣಕೈಲಿ ತಿವಿದ್ಲು, ಇಬ್ರೂ ಎರಡೆರಡು ಸಲ ಬಡಿಸ್ಕೊಂಡು ಉಂಡ್ರು.

ಏನು, ನಂಗೆ ಹೆಂಗೆ ಗೊತ್ತು ಅಂತೀಯಾ. ಕತೆಲಿ ಹಂಗಿದೆ. ಸುಮ್ನೆ ಕೇಳು.

ಉಂಡ ಮೇಲೆ ಕೊಕ್ಕೆ ತೆಗೆದು ಗುಂಡು ಕೊಟ್ಟು, ಕಾಲಿಗೆ ಬಿದ್ದು, ಹೊರಡ್ತೀವಿ ಅಂದ್ರಂತೆ. ಅವನು ವಾಚು ನೋಡ್ಕೊಂಡು, ಈಗಿನ್ನೂ ಎರಡು ಗಂಟೆ, ಇನ್ನೊಂದು ಸ್ವಲ್ಪ ಕೂತ್ಕೊಳ್ಳಿ ಅಂದ. ಕೂತ್ರು. ಮತ್ತೆ ವಾಚು ನೋಡಿ, ಈಗಿನ್ನೂ ಮೂರು ಅಂದ. ಮತ್ತೂ ಕೂತ್ರು. ಸಂಜೆ ದೀಪ ಹಚ್ಚೋ ಹೊತ್ತಾಯ್ತು ಅವರು ಎದ್ದಾಗ.

ಎಲೆ ಕೊಟ್ಟ ತಾಯಮ್ಮ ಸುಮ್ನಿರ್ತಾಳಾ. ಕದ ಸಂದಿಲಿ ನೋಡಿ, ಊರಿಗೆಲ್ಲ ಸಾರಿದ್ಲು, ಈ ಸಲ ಒಳ್ಳೇದನ್ನ. ಮುಂದಿನ ತಿಂಗಳು ತನ್ನ ಮಗಳ ಮದುವೆಗೆ ಬೇರೆ ಊರಿನ ಮಾತು ಬಿಟ್ಟು ಚಿನ್ನ ಅವನ ಮುಂದೆನೇ ತಂದಿಟ್ಟು, ಆ ಊರ ಗುಂಡು ನಮ್ಮ ಹುಡುಗಿಗೂ ಕೊಡು ಆಚಾರಿ, ನಾನು ಅಂದಿದ್ದು ಮನಸ್ಸಲ್ಲಿ ಇಟ್ಕೋಬೇಡ ಅಂದ್ಲಂತೆ. ಆಮೇಲೆ ರುದ್ರಪ್ಪ ಬಂದ. ಆಮೇಲೆ ಎಲ್ರೂ. ಬಡವರಾಗ್ಲಿ ಇದ್ದೋರಾಗ್ಲಿ, ಧಾರೆ ದಿನ ಆ ಗುಂಡು ಕೊರಳಲ್ಲಿರ್ಬೇಕು, ಮಾರನೇ ದಿನ ಜೋಡಿ ಹೋಗಿ ವಾಪಸ್ ಕೊಟ್ಟು, ಅವನ ಜೊತೆ ಉಂಡು ಬರ್ಬೇಕು. ವರ್ಷಕ್ಕೊಂದು ಸಲ ಸಾಬ್ರೂ ಅವನೂ ಕೂತು ಅಂಟುವಾಳದ ನೀರಲ್ಲಿ ಚೈನು ತೊಳೆಯೋರು, ತಳದಲ್ಲಿ ಉಳಿದ ಗಸಿನ ಗುಂಡಿಗೆ ಸೇರ್ಸೋರು. ಮದುವೆ ಮಾರನೇ ದಿನ ಬೆಳಗ್ಗೆನೇ ಕಾಳಾಚಾರಿ ಮೂರು ಎಲೆ ತೊಳೆದಿಟ್ಟು, ವಾಚು ನೋಡ್ತಾ ಬಾಗಿಲಲ್ಲಿ ಕೂರ್ತಿದ್ದ. ಉಪ್ಪು ಹಾಕೋದು ಮಾತ್ರ ಕಡೇ ತನಕ ಮರೀತಾನೇ ಇದ್ದ.

ಹೂಂ, ಸತ್ತ. ಎಲ್ರೂ ಸಾಯ್ತಾರೆ ಮಗಾ. ಆದ್ರೆ ಅವತ್ತು ಆ ಬೀದಿಲಿ ಕಾಲಿಡೋಕೆ ಜಾಗ ಇರ್ಲಿಲ್ಲ. ಸಾಯೋ ಮುಂಚೆ ಗುಂಡನ್ನೂ ವಾಚನ್ನೂ, ಮೊದಲು ತಂದು ಕೊಟ್ಟೋಳು ನೀನೇ, ನೀನೇ ಇಟ್ಕೋ ಅಂತ ಕೆಂಚಮ್ಮನ ಮಗಳ ಕೈಗೆ ಹಾಕಿದ. ಅಲ್ಲಿಗೆ ಕಾಳಾಚಾರಿ ಮನೆ ತುಂಬ್ತು, ನನ್ನ ಕತೆ ಖಾಲಿ ಆಯ್ತು. ಕಣ್ಮುಚ್ಚು ಈಗ.

ಯಾರು ಆ ಹುಡುಗಿ ಅಂತ ನಿಂಗೆ ಯಾಕೆ. ಸರಿ ಹೋಯ್ತು. ಆ ಗೂಡಲ್ಲಿ ಡಬ್ಬಿ ಇದೆಯಲ್ಲ, ಮುಟ್ಟಬೇಡ ಅಂತೀನಲ್ಲ, ಅದರಲ್ಲಿದೆ ವಾಚು. ಉಪ್ಪು ಅಂದಾಗ ಮೊಣಕೈಲಿ ತಿವಿದಿದ್ದು ನೆನೆಸ್ಕೊಂಡು ನಿಮ್ಮ ತಾತ ಸಾಯೋವರೆಗೂ ನಗ್ತಿದ್ರು. ಅವರು ಹೋದ್ಮೇಲೆ, ನೀನು ಇಸ್ಕೂಲಿಗೆ ಹೋದ ಹೊತ್ತಲ್ಲಿ, ನಾನೂ ಅದನ್ನ ನೋಡ್ಕೊಂಡೇ ಗಂಟೆ ಒಂದಾಯ್ತು ಉಣ್ಣೇಳು ಅಂತ ಹೇಳ್ಕೊಳೋದು. ಗುಂಡು ಡಬ್ಬಿಲಿಲ್ಲ ಇವತ್ತು, ಆ ಕೊನೇ ಮನೆ ಮದುವೆಗೆ ಹೋಗಿದೆ. ನಾಳೆ ಬರ್ತಾರೆ ಹುಡುಗ ಹುಡುಗಿ. ಬೆಳಗ್ಗೆ ಬೇಗ ಎದ್ದು ಹಿತ್ಲಿಂದ ಎಲೆ ಕೊಯ್ದು ತರ್ಬೇಕು ನೀನು. ಮೂರಲ್ಲ, ನಾಲ್ಕು ತಾ. ಈಗ ನೀನೂ ಇದ್ದೀಯಲ್ಲ.