ಮುನಿಯಬ್ಬೆ ಕೋಡಿ

ನದಿ ಕಡಲು ಸೇರುವಲ್ಲಿ ಉದ್ದಕ್ಕೆ ಚಾಚಿಕೊಂಡ ಮರಳು ನೆಲವನ್ನು ನಮ್ಮ ಕಡೆ ಕೋಡಿ ಎನ್ನುತ್ತಾರೆ. ನಮ್ಮೂರಿನದು ಮುನಿಯಬ್ಬೆ ಕೋಡಿ. ದೋಣಿ ಇಳಿದರೆ ಮೊದಲು ಮೀನು ಒಣಗಿಸುವ ಬಯಲು, ಅದರಾಚೆ ಗಾಳಿಮರಗಳ ಸಾಲು, ತುದಿಯಲ್ಲಿ ಮುರಕಲ್ಲಿನ ಕ್ರಿಸ್ತಾನರ ಒಂದು ಪುಟ್ಟ ಇಗರ್ಜಿ. ದೋಣಿ ನಿಲ್ಲುವಲ್ಲಿ ಹಾಕಿರುವ ಫಲಕದಲ್ಲಿ ‘ಹಿಂದೆ ಮುನಿಯೊಬ್ಬರು ತಪಸ್ಸು ಮಾಡಿದ ಪುಣ್ಯಸ್ಥಳ’ ಎಂದು ಬರೆದಿದೆ. ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಇಲ್ಲಿ ಯಾವ ಮುನಿಯೂ ತಪಸ್ಸು ಮಾಡಿಲ್ಲ. ಈ ಹೆಸರಿನಲ್ಲಿರುವುದು ಮುನಿಸು. ಮುನಿದ ಅಬ್ಬೆ, ಅಂದರೆ ಸಿಟ್ಟಾದ ತಾಯಿ, ಜನರ ಬಾಯಲ್ಲಿ ಸವೆದು ಮುನಿಯಬ್ಬೆಯಾದಳು.

ಪರಂಗಿಯವರ ಹಡಗುಗಳು ಈ ಕರಾವಳಿಗೆ ಬರತೊಡಗಿದ ಹೊಸತರಲ್ಲಿ, ಆಚೆ ದಡದ ಅರಮನೆಯಲ್ಲಿ ಬೊಮ್ಮರಸನೆಂಬ ಜೈನ ಅರಸು ಇದ್ದನೆನ್ನುತ್ತಾರೆ. ಅಳಿಯಕಟ್ಟಿನ ಮನೆತನ, ಪಟ್ಟ ಮಗನಿಗಲ್ಲ, ತಂಗಿಯ ಮಗನಿಗೆ. ತಂಗಿ ಹೊನ್ನಬ್ಬರಸಿ ಸಣ್ಣ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡವಳು. ಅವಳ ಒಬ್ಬನೇ ಮಗ ಚಂದರಸ. ಬೊಮ್ಮರಸನಿಗಾದರೋ ತನ್ನ ಮಗನನ್ನೇ ಪಟ್ಟದಲ್ಲಿ ಕೂರಿಸುವ ಆಸೆ. ಪರಂಗಿಯವರು ಆಗ ಈ ಕೋಡಿಯಲ್ಲಿ ಮೆಣಸು ಕೂಡಿಡುವ ಕೋಠಿ ಕಟ್ಟಿದ್ದರು. ಅದರ ತಂಟೆಗೆ ಬರುವುದಿಲ್ಲವೆಂದು ಅರಸು ಮಾತು ಕೊಟ್ಟ. ಆ ಮಾತಿಗೆ ಒತ್ತೆಯಾಗಿ ಅಳಿಯನನ್ನು ಅವರ ಹಡಗಿನಲ್ಲಿರಿಸಿದ. “ಅಣ್ಣ, ಮಾತಿಗೆ ತಪ್ಪುವುದಿಲ್ಲ ತಾನೆ?” ಎಂದು ಹೊನ್ನಬ್ಬರಸಿ ಕೇಳಿದಳು. “ನನ್ನ ಪಟ್ಟಕ್ಕೆ ಬರುವವನು ತಂಗೀ, ಅವನನ್ನು ಬಿಟ್ಟುಕೊಟ್ಟೇನೆಯೇ?” ಎಂದ. ಮಳೆಗಾಲ ಹಿಡಿಯುವ ಮುಂಚೆ ಅವನ ಆಳುಗಳೇ ಹೋಗಿ ಕೋಠಿಗೆ ಬೆಂಕಿಯಿಟ್ಟರು. ಹಡಗಿನ ಕಪ್ತಾನ ಚಂದರಸನನ್ನು ಹಾಯಿಕಂಬಕ್ಕೆ ನೇಣು ಹಾಕಿ, ಹೆಣವನ್ನು ನೀರಿಗೆ ಎಸೆಯಿಸಿ, ಲಂಗರು ಎತ್ತಿದ. ಅರಮನೆಯ ದೋಣಿಗಳಲ್ಲಿ ಒಂದೂ ಕದಲಲಿಲ್ಲ. ಹುಡುಗನ ಜೀವಕ್ಕಾಗಿ ಕಪ್ತಾನನ ಕಾಲು ಹಿಡಿದು ಸೋತ ಮುದಿ ಪಾದ್ರಿಯೊಬ್ಬ ಮಾತ್ರ ಆ ಹಡಗನ್ನೇ ಬಿಟ್ಟು ಇಳಿದುಬಂದು, ಅಲೆ ತಂದು ಹಾಕಿದ ಹೆಣವನ್ನೆತ್ತಿ, ಕೋಡಿಯ ಮರಳಿನಲ್ಲಿ ಕೈಯಾರೆ ಹೂಳಿ, ಅಲ್ಲೇ ಗುಡಿಸಲು ಕಟ್ಟಿಕೊಂಡು ಉಳಿದನಂತೆ.

ಬೊಮ್ಮರಸ ಎಲ್ಲರೆದುರು ಎದೆ ಬಡಿದುಕೊಂಡು ಅತ್ತ. ಸೂತಕ ಕಳೆಯುತ್ತಲೇ ತಂಗಿಯ ಬಳಿ ಬಂದು, “ಮನೆತನ ಉಳಿಯಬೇಕಲ್ಲ. ನನ್ನ ಮಗನನ್ನು ನೀನು ದತ್ತು ತೆಗೆದುಕೋ” ಎಂದ. ಬೆಂಕಿ ಏಕೆ ಬಿತ್ತೆಂದು ಹೊನ್ನಬ್ಬರಸಿಗೆ ಆಗ ತಿಳಿಯಿತು. ಬಸದಿಗೆ ಹೋಗಿ ದೀಕ್ಷೆ ಕೇಳಿದಳು. ಅರಸನ ಅನ್ನದಲ್ಲಿದ್ದ ಅಲ್ಲಿನ ಹಿರಿಯರು, “ದತ್ತಿನ ಕೆಲಸ ಮುಗಿಯಲಿ, ಆಮೇಲೆ ನೋಡೋಣ” ಎಂದರು. ಅವಳು ಅಲ್ಲಿಂದ ನೇರ ಹೊಳೆಗೆ ಇಳಿದು, ಕೋಡಿಗೆ ಹೋಗುವ ದೋಣಿ ಹತ್ತಿದಳು. ದಾಟಿಸುತ್ತಿದ್ದ ಅಂಬಿಗ ತಡೆಯಲಾರದೆ ಕೇಳಿದ: “ಮಗನನ್ನು ಕೊಂದವರ ದೇವರೇ ಬೇಕಾಯಿತೇ, ಅಮ್ಮಾ?” “ಕೊಂದವರು ಎರಡು ದಡದಲ್ಲೂ ಇದ್ದಾರೆ. ಹೂಳಿದವನು ಒಬ್ಬನೇ” ಎಂದಳು.

ಅವಳಿಗೆ ತನ್ನ ಮತದ ದೀಕ್ಷೆ ಕೊಡಲು ಪಾದ್ರಿ ಮೊದಲು ಒಪ್ಪಲಿಲ್ಲ. “ತಾಯೀ, ಸಿಟ್ಟು ಹೊತ್ತುಕೊಂಡು ದೇವರ ಬಳಿ ಬರಬಾರದು” ಎಂದ. “ಸಿಟ್ಟಲ್ಲದೆ ನನ್ನಲ್ಲಿ ಬೇರೇನೂ ಉಳಿದಿಲ್ಲ. ನಿಮ್ಮ ದೇವರಿಗೆ ಅದು ಬೇಡವಾದರೆ ಈಗಲೇ ಹೇಳಿ” ಎಂದಳು. ಮುದುಕ ಒಳಗಿನಿಂದ ಕತ್ತರಿ ತಂದ.

ಸುದ್ದಿ ಕೇಳಿ ಬೊಮ್ಮರಸ ಪಲ್ಲಕ್ಕಿ, ಪುರೋಹಿತರು, ಮಗನ ಸಮೇತ ಓಡಿಬಂದ. ಕೂದಲು ಕತ್ತರಿಸಿದ, ಒರಟು ಕರಿಬಟ್ಟೆಯ ತಂಗಿ ಹೊರಗೆ ಬಂದಾಗ ಅವನಿಗೆ ಗುರುತೇ ಹತ್ತಲಿಲ್ಲ. ದತ್ತಿನ ನೀರು ಹೊಯ್ಯಲು ಪುರೋಹಿತರು ಗಿಂಡಿ ಎತ್ತಿದರು. ಅವಳು ಕೈ ಹಿಂದೆ ಕಟ್ಟಿಕೊಂಡಳು. “ಕುಲ ಬಿಟ್ಟವಳ ದತ್ತು ನಿಮ್ಮ ಕಟ್ಟಿಗೆ ಸಲ್ಲುವುದಿಲ್ಲ. ದತ್ತು ಪಡೆಯಲು ಮನೆತನದಲ್ಲಿ ಬೇರೆ ಹೆಣ್ಣೂ ಇಲ್ಲ. ಹಿಂದಿರುಗಿ ಹೋಗು.”

“ಹೊನ್ನಬ್ಬೆ, ವಂಶ ಆರಿಹೋಗುತ್ತದೆ!”

“ನೀನೇ ಆರಿಸಿದೆಯಲ್ಲ, ಅಣ್ಣ.”

ಅರಸು ಮರಳಿನಲ್ಲಿ ಮೊಣಕಾಲೂರಿದ. ಕ್ಷಮಿಸಿಬಿಡು ಎಂದು ಪಾದ್ರಿ ಮೆಲ್ಲಗೆ ಹೇಳಿದ. “ಕ್ಷಮಿಸುವುದು ದೇವರ ಕೆಲಸ, ಪಾದ್ರಿಗಳೇ. ಅವನು ಮಾಡಿಕೊಳ್ಳಲಿ. ನನ್ನನ್ನು ಕೇಳಬೇಡಿ” ಎಂದು ಒಳಗೆ ಹೋಗಿ ಕದ ಹಾಕಿಕೊಂಡಳು.

ಆಮೇಲೆ ಅವಳು ಬಹುಕಾಲ ಬದುಕಿದಳಂತೆ. ಕಡಲಿಗೆ ಹೋದ ಗಂಡಸರು ಮರಳದ ಮನೆಗಳ ಹೆಂಗಸರಿಗೆ ಅನ್ನ ಹಾಕಿದಳು. ಜ್ವರ ಬಂದವರ ಬಳಿ ಕುಳಿತಳು. ಅಣ್ಣ ಸಾಯುವಾಗ ಕರೆಕಳಿಸಿದ, ಅವಳು ಹೋಗಲಿಲ್ಲ. ನೆರೆಯ ಅರಸರು ಆ ಸೀಮೆಯನ್ನು ಹಂಚಿಕೊಂಡರು. ಕೊನೆಗೆ ಅವಳು ಕ್ಷಮಿಸಿದಳೆಂದು ಕೆಲವರು ಕಥೆ ಕಟ್ಟುತ್ತಾರೆ. ಅದು ಸುಳ್ಳು. ಕ್ಷಮಿಸಿದ್ದರೆ ಈ ನೆಲಕ್ಕೆ ಈ ಹೆಸರು ನಿಲ್ಲುತ್ತಿರಲಿಲ್ಲ.

ಇಂದು ಅಲ್ಲಿಗೆ ಹೋದವರಿಗೆ ಇಗರ್ಜಿಯ ಹಿಂಬದಿಯಲ್ಲಿ ಎರಡು ಗೋರಿಗಳು ಕಾಣುತ್ತವೆ, ತಾಯಿಯದೂ ಮಗನದೂ. ಹೆಸರು ಕೆತ್ತಿಲ್ಲ. ಮೀನು ಹಿಡಿಯುವ ಮೊಗೇರರ, ಜೈನರ, ಕ್ರಿಸ್ತಾನರ ಮನೆಗಳಿಂದ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಹರಕೆಯಿಲ್ಲ, ಮೇಣದಬತ್ತಿಯಿಲ್ಲ. ಹಲ್ಲು ಕಚ್ಚಿಕೊಂಡು ಗೋರಿಯ ಪಕ್ಕದಲ್ಲಿ ಕೂರುತ್ತಾರೆ; ಕೆಲವರು ಕಡಲಿಗೆ ಮುಖ ಮಾಡಿ ಗಟ್ಟಿಯಾಗಿ ಬೈಯುತ್ತಾರೆ. ಸಮಾಧಾನ ಮಾಡಿಕೋ ಎಂದು ಅಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ.