ನೀಲಿ ಚುಕ್ಕೆಯ ಧ್ಯಾನ

೨೦೨೩ರ ಜನವರಿ ೧೯, ಗುರುವಾರ. ಒಣ ಚಳಿ, ಮೋಡವಿಲ್ಲದ ಆಕಾಶ.

ಮಲಪ್ರಭೆಯ ದಡದ ಆಶ್ರಮದಲ್ಲಿ ಮೇಜಿನ ಮೇಲಿಡುವಷ್ಟು ಪುಟ್ಟ ಲೇಸರ್ ಯಂತ್ರವಿತ್ತು. ಶಿಷ್ಯ ನಿಜಗುಣ ಅದರಲ್ಲಿ ಶಾಲೆಯ ಮಕ್ಕಳಿಗೆ ಮರದ ಅಕ್ಷರಗಳನ್ನು ಕತ್ತರಿಸುತ್ತಿದ್ದ.

ಅಂದು ಅವನು ಗುರುಗಳಾದ ಷಡಕ್ಷರಿ ಅಜ್ಜನವರ ಬಳಿ ಬಂದ.

“ಅಜ್ಜಾರ, ನಾಕು ದಿನ ಆತ್ರಿ. ಯಾವ ಅಕ್ಷರ ನೋಡ್ತೀನೋ ಅದೇ ಮಾಯ ಆಗತೈತಿ.”

“ಯಂತ್ರದ ಮುಂದ ಕಣ್ಣು ಕಾಯೋ ಕೇಸರಿ ಗಾಜು ಎಲ್ಲೈತಿ?”

“ತೆಗೆದಿಟ್ಟೀನ್ರಿ.”

“ಕನ್ನಡಕ?”

“ಹಾಕ್ಕೊಂಡಿದ್ದಿಲ್ಲ.”

“ಯಾಕ?”

“ರೆಪ್ಪಿ ಬಡೀದಂಗ ದೀಪ ನೋಡಾಕ ನೀವೇ ಕಲಿಸಿದ್ರಿ. ದೀಪ ಅಳ್ಳಾಡತೈತಿ. ಯಂತ್ರದ ಆ ನೀಲಿ ಚುಕ್ಕಿ ಅಳ್ಳಾಡೂದಿಲ್ಲ. ಕೆಳಗ ಸುಡದಂಥ ಇಟ್ಟಂಗಿ ಇಟ್ಟು, ಹನ್ನೊಂದು ದಿನ ಅದನ್ನೇ ನೋಡಿದೆ.”

“ದೇವರು ಕಂಡನೇನು?”

ನಿಜಗುಣ ತಲೆ ತಗ್ಗಿಸಿದ. “ಮನಸ್ಸು ಆ ಬೆಳಕಿನಂಗ ಆಗಬೇಕು ಅಂತ ನೀವೇ ಅಂದಿದ್ರಿ.”



“ಅಂದಿದ್ದೆ. ಯಂತ್ರದ ಒಳಗೊಂದು ಹರಳು, ಸಾಸಿವಿಗಿಂತ ಸಣ್ಣದು. ಅದರ ಎರಡೂ ತುದಿ ಕನ್ನಡಿ. ಬೆಳಕು ನಡುವ ಹೊಳ್ಳಿ ಹೊಳ್ಳಿ ಓಡ್ಯಾಡಿ ಬೆಳೀತೈತಿ, ಎಲ್ಲಾ ಒಂದೇ ಹೆಜ್ಜಿ ಹಾಕತೈತಿ. ಒಂದು ಕನ್ನಡಿ ಅದನ್ನ ಸ್ವಲ್ಪ ಸ್ವಲ್ಪ ಹೊರಗ ಬಿಡತೈತಿ. ಮುಂದಿನ ಮಸೂರ ಅದನ್ನ ಚುಕ್ಕಿ ಮಾಡತೈತಿ. ಚುಕ್ಕಿ ಸಣ್ಣದಾದಷ್ಟೂ ಸುಡತೈತಿ. ಇಷ್ಟು ಹೇಳಿದ್ದೆ.”

“ಹೌದ್ರಿ.”

“ನಿನ್ನ ಕಣ್ಣಾಗೂ ಮಸೂರ ಐತಿ. ನೀ ಅದನ್ನ ಮತ್ತೊಮ್ಮೆ ಚುಕ್ಕಿ ಮಾಡಿದಿ, ಕಣ್ಣಿನ ಹಿಂದಿನ ಪರದೆ ಮ್ಯಾಲೆ. ಇದನ್ನ ನಾ ಹೇಳಿದ್ದಿಲ್ಲ.”

ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

“ಡಾಕ್ಟರಿಗೆ ತೋರಿಸಿದೇನು? ಏನಂದ್ರು?” ಅಜ್ಜನವರು ಕೇಳಿದರು.

“ಸುಟ್ಟಿದ್ದು ಮತ್ತ ಚಿಗಿಯೂದಿಲ್ಲಂತ. ಎರಡೂ ಕಣ್ಣಿಗೆ ಹಂಗೇ ಆಗೇತಂತ. ಅವರು ಹೇಳಲಿ ಬಿಡ್ರಿ. ನೀವು ಹೇಳ್ರಿ, ಹೊಳ್ಳಿ ಬರತೈತಲ್ರಿ?”

ಅಜ್ಜನವರು ಎದ್ದು ಬಂದು ಅವನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತರು.

“ನಿಜಗುಣಾ, ನನ್ನ ಕಡೆ ನೆಟ್ಟಗ ನೋಡು. ಏನ ಕಾಣತೈತಿ?”

“ಕಿವಿ ಕಾಣತಾವ್ರಿ. ಹೆಗಲ ಮ್ಯಾಲಿನ ಶಲ್ಯ. ಹಿಂದ ಹೊಳಿ. ನಡುವ ಕಪ್ಪು.”

ಅಜ್ಜನವರು ಏನೂ ಹೇಳಲಿಲ್ಲ.

ನಿಜಗುಣ ಕತ್ತು ಆ ಕಡೆ ಈ ಕಡೆ ಹೊರಳಿಸಿದ. “ಯಾಕ ಸುಮ್ಮನ ಕುಂತ್ರಿ ಅಜ್ಜಾರ? ಸಿಟ್ಟಾಗೀರೇನು?”

“ಇಲ್ಲೋ ತಮ್ಮಾ. ಆವಾಗಿಂದ ಅಳಾಕತ್ತೀನಿ.”