ಹೊಸ್ತಿಲಲ್ಲೇ ಆರಿದ ಗಡಿಗೆ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು. ಯಾವ ದಿಕ್ಕಿಗೆ ಬೀಸಬೇಕೆಂಬುದು ಗಾಳಿಗೆ ರೂಢಿಯಾಗಿರಲಿಲ್ಲ. ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಆಗ ದೇವರು ಮನುಷ್ಯನ ಮೈ ಎಂಬ ಮನೆ ಕಟ್ಟಿ, ಅದಕ್ಕೆ ಇಬ್ಬರು ಸೊಸೆಯರನ್ನು ತಂದನು.

ಹಿರಿಯವಳು ನೆತ್ತೆವ್ವ. ಅವಳಿಗೆ ಅಟ್ಟದ ಕೋಣೆ, ಅಂದರೆ ತಲೆ. ಕಿರಿಯವಳು ಒಡಲವ್ವ. ಅವಳಿಗೆ ಕೆಳಗಿನ ಅಡುಗೆಮನೆ, ಅಂದರೆ ಹೊಟ್ಟೆ. ಇಬ್ಬರ ನಡುವೆ ಉದ್ದನೆಯ ನರದ ಹಗ್ಗವೊಂದು ಇಳಿಬಿದ್ದಿತ್ತು. ಮೇಲೆ ಎಳೆದರೆ ಕೆಳಗೆ ಗಂಟೆ, ಕೆಳಗೆ ಎಳೆದರೆ ಮೇಲೆ ಗಂಟೆ. ವಾರಗಿತ್ತಿಯರಿಬ್ಬರೂ ದಿನವಿಡೀ ಅದನ್ನು ಎಳೆದಾಡುತ್ತ ಹರಟುತ್ತಿದ್ದರು.

ಒಡಲವ್ವನ ಕೈಗುಣ ದೊಡ್ಡದು. ಮನೆಗೆ ಬಂದ ಹಾಲು, ಎಳ್ಳು, ಬೇಳೆ, ಬಾಳೆಹಣ್ಣು ಎಲ್ಲದರೊಳಗೂ ಅಡಗಿರುವ ಒಂದು ಸಣ್ಣ ಕಾಳನ್ನು ಅವಳು ಹುಡುಕಿ ತೆಗೆಯುತ್ತಿದ್ದಳು. ಅದನ್ನು ಬೇಯಿಸಿ ನೆಮ್ಮದಿಯ ಗಂಜಿ ಮಾಡುತ್ತಿದ್ದಳು. ಓದಿದವರು ಈಗ ಅದನ್ನು ಸೆರೊಟೋನಿನ್ ಎನ್ನುತ್ತಾರೆ. ಒಡಲವ್ವನಿಗೆ ಆ ಹೆಸರು ಗೊತ್ತಿರಲಿಲ್ಲ. ಅವಳಿಗೆ ಅದು ಗಂಜಿ, ಅಷ್ಟೇ.

ಆ ಗಂಜಿ ಕುಡಿದರೆ ಕರುಳು ಹೆಜ್ಜೆ ತಪ್ಪದೆ ನಡೆಯುತ್ತಿತ್ತು. ಮಿಕ್ಕದ್ದನ್ನು ನೆತ್ತರಿನ ಹೊಳೆ ಕೆಂಪವ್ವ ಗಡಿಗೆಯಲ್ಲಿಟ್ಟು ಅಟ್ಟಕ್ಕೆ ಒಯ್ಯುತ್ತಿದ್ದಳು. ನೆತ್ತೆವ್ವ ಕುಡಿಯುತ್ತಿದ್ದಳು, ಹುಬ್ಬಿನ ಗಂಟು ಬಿಚ್ಚುತ್ತಿತ್ತು, ಮಗುವಿನ ಹಾಗೆ ನಿದ್ದೆ ಬರುತ್ತಿತ್ತು.

ಹೀಗೇ ಇದ್ದಿದ್ದರೆ ಚೆನ್ನಾಗಿತ್ತು. ಇರಲಿಲ್ಲ.

ಆಶೀರ್ವಾದ ಮಾಡುವವರೆಲ್ಲ ತಲೆಯನ್ನೇ ಮುಟ್ಟುತ್ತಿದ್ದರು. ಕುಂಕುಮ ಹಣೆಗೆ, ಹೂವು ಮುಡಿಗೆ. ಹೊಟ್ಟೆಗೆ ಯಾರೂ ಅಕ್ಷತೆ ಹಾಕಲಿಲ್ಲ. ನೋಡುತ್ತ ನೋಡುತ್ತ ನೆತ್ತೆವ್ವನಿಗೆ ಮಡಿ ಬಂತು. ದೇವರು ಆ ಮಡಿಯನ್ನು ಕೇಳಿದ್ದನೋ ಇಲ್ಲವೋ, ಅವನನ್ನು ಹೋಗಿ ಕೇಳಿದವರು ಯಾರೂ ಇಲ್ಲ.

ಒಂದು ಬೆಳಿಗ್ಗೆ ಒಡಲವ್ವ ತಾನೇ ಗಡಿಗೆ ಹೊತ್ತು ಮೇಲೆ ಹೋದಳು.

"ಅಲ್ಲೇ ನಿಲ್ಲು! ಆ ಕೈಯಲ್ಲಿ ಮಾಡಿದ್ದಾ?" ಎಂದಳು ನೆತ್ತೆವ್ವ.

"ಇನ್ಯಾರ ಕೈ, ಅಕ್ಕಯ್ಯ? ತೊಳೆದೇ ಮಾಡಿದ್ದೇನೆ."

"ತೊಳೆದರೆ ಹೋಗುತ್ತದೇನೇ? ನಿನ್ನ ಮನೆಗೆ ಹೋದ ಹೋಳಿಗೆ ಮಾರನೆಯ ದಿನ ಏನಾಗಿ ಹೊರಗೆ ಬರುತ್ತದೆ ಅಂತ ಊರಿಗೆಲ್ಲ ಗೊತ್ತು. ಇಷ್ಟು ದಿನ ತಿಳಿಯದೆ ಕುಡಿದೆ, ಶಿವಶಿವಾ!"

ಒಡಲವ್ವನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ಆ ಕೆಲಸ ನಾನು ನಾಲ್ಕು ದಿನ ಬಿಡುತ್ತೇನೆ. ಆಮೇಲೆ ನೀನು ಪೂಜೆಗೆ ಹೇಗೆ ಕೂರುತ್ತೀಯೋ ನೋಡೋಣ" ಎಂದಳು.

ಅದು ನೆತ್ತೆವ್ವನನ್ನು ಚುಚ್ಚಿತು. ಅಟ್ಟದ ಬಾಗಿಲು ಕಾಯುವ ದಿಡ್ಡಿಯಪ್ಪನನ್ನು ಕರೆದಳು. ಕಿಟಕಿಯಲ್ಲಿ ನಿಂತಿದ್ದ ಸೂರಪ್ಪನ ಕಡೆ, ಅಂದರೆ ಸೂರ್ಯನ ಕಡೆ, ಮುಖ ಮಾಡಿ ಚೊಂಬಿನಿಂದ ನೀರು ಬಿಟ್ಟಳು.

"ಸೂರಪ್ಪ ಸಾಕ್ಷಿ. ಇವಳ ಕೈಯಲ್ಲಿ ಬೆಂದದ್ದು ಒಂದು ತೊಟ್ಟೂ ಈ ಹೊಸ್ತಿಲು ದಾಟಕೂಡದು."

"ಅವ್ವಾ, ನಾಳೆ ನೀವೇ ಬೇಕು ಅಂದರೆ?" ಎಂದು ಕೇಳಿದ ದಿಡ್ಡಿಯಪ್ಪ. ಅವನು ಒಂದು ಮಾತು ಕಲಿತರೆ ಮರೆಯುವ ಆಳಲ್ಲ.

"ನಾನಾ? ನಾನೇ ಬಂದು ನಿನ್ನ ಕಾಲು ಹಿಡಿದರೂ ಬಿಡಬೇಡ."

ಒಡಲವ್ವ ಗಡಿಗೆ ಕೆಳಗಿಟ್ಟು ಮೆಲ್ಲಗೆ ಕೇಳಿದಳು, "ಹಾಗಾದರೆ ನಿನ್ನ ಗಂಜಿಗೇನು ಮಾಡುತ್ತೀ ಅಕ್ಕಯ್ಯ?"

"ಪಡಿ ಕಳಿಸು. ಹಸಿ ಕಾಳಿಗೆ ಮೈಲಿಗೆ ಇಲ್ಲ. ನಾನೇ ಬೇಯಿಸಿಕೊಳ್ಳುತ್ತೇನೆ."

ಕಾಳು ಅದೇ, ಆರಿಸಿದ ಕೈಯೂ ಅದೇ. ಬೆಂದರೆ ಮೈಲಿಗೆ, ಹಸಿಯಾದರೆ ಮಡಿ! ಒಡಲವ್ವ ಗಡಿಗೆ ಹೊತ್ತು ಇಳಿದಳು.

ಅಂದಿನಿಂದ ಕೆಂಪವ್ವ ಅಟ್ಟಕ್ಕೆ ಹಸಿ ಕಾಳು ಒಯ್ಯತೊಡಗಿದಳು. ಬಾಗಿಲಲ್ಲಿ, ಅದೇ ಊಟದಿಂದ ಬಂದ ಬೇರೆ ಕಾಳುಗಳ ನೂಕುನುಗ್ಗಲು. ಅದರ ನಡುವೆ ಗಂಜಿಯ ಕಾಳು ನಾಲ್ಕು ಒಳಗೆ ಬಿದ್ದರೆ ಹೆಚ್ಚು. ನೆತ್ತೆವ್ವನ ಒಲೆ ಅಂಗೈಯಷ್ಟು, ಕುಡಿಕೆ ಚಿಪ್ಪಿನಷ್ಟು. ಸೂರಪ್ಪ ಕಿಟಕಿಯಿಂದ ಒಂದು ಕಿಡಿ ಎಸೆದರೆ ಒಲೆ ಚೆನ್ನಾಗಿ ಉರಿಯುತ್ತಿತ್ತು. ಕೆಳಗೆ ಹಂಡೆ ತುಂಬ ಬೇಯುತ್ತಿದ್ದ ಗಂಜಿಗೆ ಇದು ಹತ್ತರಲ್ಲೊಂದು ಪಾಲೂ ಅಲ್ಲ. ಆದರೂ ಹೇಗೋ ದಿನ ನಡೆಯಿತು.

ಆಮೇಲೆ ಮೋಡದ ತಿಂಗಳು ಬಂತು.

ಸೂರಪ್ಪ ಮುಖ ತೋರಿಸಲಿಲ್ಲ. ಅಟ್ಟದ ಒಲೆ ಹೊಗೆಯಾಡಿ ನಂದಿತು. ನೆತ್ತೆವ್ವ ಹೂವು ಮುಡಿಯುವುದನ್ನು ಬಿಟ್ಟಳು. ನಿದ್ದೆ ಬಿಟ್ಟಿತು. ಗೋಡೆಯ ಕಡೆ ಮುಖ ಮಾಡಿ ಕೂತಳು. ಕೂತಲ್ಲಿಂದಲೇ ಹಗ್ಗ ಎಳೆದಳು.

ಕೆಳಗೆ ಗಂಟೆ ಬಾರಿಸಿತು. ಒಡಲವ್ವ ಕೇಳಿಸಿಕೊಂಡಳು, ಎದ್ದೇಳಲಿಲ್ಲ. "ಬಾರಿಸಲಿ, ಮಡಿಯಲ್ಲಿ ಇದ್ದಾಳಲ್ಲ" ಎಂದು ಸೌಟು ತಿರುಗಿಸಿದಳು. ಮೂರು ದಿನ ಗಂಟೆ ಬಾರಿಸಿತು. ಮೂರು ದಿನವೂ ಅವಳಿಗೆ ಒಳಗೊಳಗೇ ಹಿತವಾಗಿತ್ತು. ಸುಳ್ಳು ಯಾಕೆ ಹೇಳಬೇಕು?

ನಾಲ್ಕನೆಯ ದಿನ ಗಂಟೆ ಜೋರಾಗಿ ಬಾರಿಸಲಿಲ್ಲ. ಹಗ್ಗ ಸುಮ್ಮನೆ ನಡುಗಿತು. ಆ ನಡುಕಕ್ಕೆ ಒಡಲವ್ವನ ಹಂಡೆ ಕುಲುಕಿತು, ಕರುಳುಗಳು ಹೆಜ್ಜೆ ತಪ್ಪಿದವು. ಅವಳು ಸೌಟು ಬಿಸುಟು ಗಡಿಗೆ ತುಂಬಿಕೊಂಡಳು.

"ಕೆಂಪವ್ವಾ, ಬೇಗ ಹರಿಯೇ. ಅಕ್ಕಯ್ಯನಿಗೆ ಆಗುತ್ತಿಲ್ಲ."

"ಮೂರು ದಿನದ ಹಿಂದೆ ಹೇಳಬೇಕಿತ್ತು" ಎಂದಳು ಕೆಂಪವ್ವ. ಆದರೂ ಗಡಿಗೆಯ ಜೊತೆ ಒಡಲವ್ವನನ್ನೂ ಹೊತ್ತು ಹರಿದಳು.

ಬಾಗಿಲಲ್ಲಿ ದಿಡ್ಡಿಯಪ್ಪ ಕೋಲು ಅಡ್ಡ ಹಿಡಿದ. "ಬೆಂದದ್ದಾ? ಬೆಂದದ್ದು ಬಿಡುವುದಿಲ್ಲ."

"ಅಣ್ಣಾ, ನಿನಗೆ ಕೈ ಮುಗಿಯುತ್ತೇನೆ. ಒಂದು ತೊಟ್ಟು" ಎಂದಳು ಒಡಲವ್ವ.

ಒಳಗಿನಿಂದ ನೆತ್ತೆವ್ವ ತೆವಳುತ್ತ ಬಂದಳು. ಮುಡಿ ಬಿಚ್ಚಿತ್ತು, ಹಣೆ ಬರಿದಾಗಿತ್ತು. ಬಂದವಳೇ ದಿಡ್ಡಿಯಪ್ಪನ ಕಾಲು ಹಿಡಿದಳು. "ಬಿಡೋ ಮಾರಾಯ. ನಾನು ಆಡಿದ್ದು ತಪ್ಪಾಯಿತು."

ದಿಡ್ಡಿಯಪ್ಪನ ಕಣ್ಣೂ ಒದ್ದೆಯಾಯಿತು. ಕೋಲು ಮಾತ್ರ ಅಲುಗಲಿಲ್ಲ. "ಅವ್ವಾ, ಕಾಲು ಹಿಡಿದರೂ ಬಿಡಬೇಡ ಅಂದಿರಿ. ಈಗ ಹಿಡಿದಿದ್ದೀರಿ. ಸೂರಪ್ಪನ ಮುಂದೆ ನೀರು ಬಿಟ್ಟ ಮಾತು. ನಾನೇನು ಮಾಡಲಿ?"

ಹೊಸ್ತಿಲ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. ನಡುವೆ ಗಡಿಗೆ.

"ಒಡಲೂ, ಅದರ ವಾಸನೆ ಬರುತ್ತಿದೆ ಕಣೇ" ಎಂದಳು ನೆತ್ತೆವ್ವ.

ಒಡಲವ್ವ ಗಡಿಗೆಯನ್ನು ಹೊಸ್ತಿಲಿಗೆ ಇನ್ನಷ್ಟು ಹತ್ತಿರ ಸರಿಸಿದಳು. ಗಂಜಿ ಅಲ್ಲೇ ಆರಿತು, ಕೆನೆ ಕಟ್ಟಿತು. ಅವಳು ಅದನ್ನು ಹಾಗೇ ಹೊತ್ತು ಇಳಿದಳು. ಹೊರಡುವ ಮೊದಲು ಮಡಿಲಲ್ಲಿದ್ದ ಹಿಡಿ ಹಸಿ ಕಾಳನ್ನು ಹೊಸ್ತಿಲ ಮೇಲೆ ಇಟ್ಟಳು. ಅದನ್ನು ದಿಡ್ಡಿಯಪ್ಪ ತಡೆಯಲಿಲ್ಲ.

ಎಷ್ಟೋ ದಿನದ ಮೇಲೆ ಮೋಡ ಸರಿಯಿತು. ಸೂರಪ್ಪ ಒಂದು ಕಿಡಿ ಎಸೆದ. ಅಂಗೈಯಷ್ಟು ಒಲೆ ಹೊತ್ತಿತು, ಚಿಪ್ಪಿನಷ್ಟು ಗಂಜಿ ಬೆಂದಿತು. ನೆತ್ತೆವ್ವ ಬದುಕಿದಳು. ಆದರೆ ಮೊದಲಿನ ಹಾಗೆ ಹೊಟ್ಟೆ ತುಂಬ ನೆಮ್ಮದಿ ಕುಡಿಯುವುದು ಅವಳಿಗೆ ಮತ್ತೆ ದಕ್ಕಲಿಲ್ಲ. ದಿಡ್ಡಿಯಪ್ಪ ಇವತ್ತಿಗೂ ಕೋಲು ಹಿಡಿದೇ ನಿಂತಿದ್ದಾನೆ.

ಅದಕ್ಕೇ ಮಗು, ಮನಸ್ಸು ನೊಂದಾಗ ನಿನ್ನ ಹೊಟ್ಟೆಯಲ್ಲಿ ಹಗ್ಗ ಎಳೆದ ಹಾಗೆ ತಳಮಳವಾಗುತ್ತದೆ. ಅದಕ್ಕೇ ಮೋಡ ಕವಿದ ದಿನ, ಬಾಳೆಹಣ್ಣು ತಿಂದು ಹಾಲು ಕುಡಿದು ಹೊಟ್ಟೆ ತುಂಬಿದ ಮೇಲೂ, ಕೆಲವರು ಗೋಡೆಗೆ ಮುಖ ಮಾಡಿ ಕೂತಿರುತ್ತಾರೆ, ಅವರನ್ನು ಗದರಿಸದೆ ಕೈ ಹಿಡಿದು ಎಳೆಬಿಸಿಲಿಗೆ ಕರೆತರಬೇಕಾಗುತ್ತದೆ.